ಎಣ್ಣೆ ತಂದುಕೊಟ್ಟವರು ಯಾರು?



17 ವರ್ಷದ ಹುಡುಗ ಕುಡಿದು ಗಾಡಿ ಓಡಿಸಿದ, 16 ವರ್ಷದ ಹುಡುಗಿ ಬರ್ತ್‌ಡೇ ಪಾರ್ಟಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಳು. ಇಂಥ ಸುದ್ದಿ ಬಂದಾಗೆಲ್ಲ ಕೆಳಗೆ ಬರೋ ಮಾತು ಒಂದೇ. "ಈಗಿನ ಕಾಲದ ಮಕ್ಕಳೇ ಹೀಗೆ." ನಾನು ಬಿ.ಕಾಂ. ಓದಿದವಳು. ಯಾವ ಸರಕು ಕಂಡರೂ ಇದು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು, ಬಿಲ್ ಯಾರ ಹೆಸರಲ್ಲಿದೆ ಅಂತ ಕೇಳೋದು ಅಭ್ಯಾಸ ಆಗಿಬಿಟ್ಟಿದೆ. 17ರ ಹುಡುಗ ಬಿಯರ್ ತಯಾರಿಸಲ್ಲ. ಅವನ ಹತ್ತಿರ ಲೈಸೆನ್ಸ್ ಇಲ್ಲ. ಎಷ್ಟೋ ಸಲ ದುಡ್ಡೂ ಅವನದ್ದಲ್ಲ. ಅಂದ್ರೆ ಅವನ ಕೈಗೆ ಗ್ಲಾಸ್ ಬರೋ ಮೊದಲು ಇನ್ನೊಂದು ಕೈ ಇತ್ತು. ಇವತ್ತಿನ ಎಪಿಸೋಡ್ ಆ ಇನ್ನೊಂದು ಕೈಯ ಇತಿಹಾಸ. ಶುರುವಾಗೋದು ಇಂಗ್ಲೆಂಡಿನಲ್ಲಿ, ಬಂದು ನಿಲ್ಲೋದು ನಮ್ಮ ಹಾಸ್ಟೆಲ್ ರೂಮುಗಳಲ್ಲಿ.

1751. ಲಂಡನ್. ವಿಲಿಯಂ ಹೋಗಾರ್ತ್ ಅನ್ನೋ ಕಲಾವಿದ ಎರಡು ಚಿತ್ರಗಳನ್ನ ಅಚ್ಚು ಹಾಕಿಸಿದ. ಒಂದರ ಹೆಸರು ಜಿನ್ ಲೇನ್, ಇನ್ನೊಂದು ಬಿಯರ್ ಸ್ಟ್ರೀಟ್. ಜಿನ್ ಲೇನ್ ಚಿತ್ರದಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳೋದು ಮೆಟ್ಟಿಲ ಮೇಲೆ ಕುಡಿದು ಕೂತಿರೋ ತಾಯಿ. ಅವಳ ಕೈಯಿಂದ ಮಗು ಜಾರಿ ಕೆಳಗೆ ಬೀಳ್ತಾ ಇದೆ. ಆದರೆ ಅದೇ ಚಿತ್ರದ ಗುಂಪಿನಲ್ಲಿ ಇನ್ನೊಬ್ಬ ಹೆಂಗಸಿದ್ದಾಳೆ. ಎಳೆ ಮಗುವಿನ ಬಾಯಿಗೆ ಅವಳು ಜಿನ್ ಹುಯ್ತಾ ಇದ್ದಾಳೆ. ಫೋನಲ್ಲಿ ಈ ಚಿತ್ರ ಹುಡುಕಿ ಝೂಮ್ ಮಾಡಿ ನೋಡಿ, ಸಿಗುತ್ತೆ. ಮಕ್ಕಳಿಗೆ ದೊಡ್ಡವರು ಮದ್ಯ ಕೊಡೋದು ಆ ಕಾಲದ ಕಣ್ಣಿಗೂ ಬಿದ್ದಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪಕ್ಕದ ಬಿಯರ್ ಸ್ಟ್ರೀಟ್ ಚಿತ್ರದಲ್ಲಿ ಮಾತ್ರ ಎಲ್ಲರೂ ದುಂಡಗೆ, ಆರೋಗ್ಯವಾಗಿ, ನಗ್ತಾ ಇದ್ದಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ಜಿನ್ ಅಂದ್ರೆ ವಿಷ, ಬಿಯರ್ ಅಂದ್ರೆ ಊಟದ ಭಾಗ. ಈ ನಂಬಿಕೆ ಮುಂದಿನ ನೂರು ವರ್ಷದ ಕಾನೂನುಗಳಲ್ಲೂ ಹಾಗೇ ಕೂತಿತ್ತು. 1839ರಲ್ಲಿ ಲಂಡನ್ನಿನ ಪೊಲೀಸ್ ಕಾಯ್ದೆ 16 ದಾಟದವರಿಗೆ ಅಂಗಡಿಯಲ್ಲೇ ಕೂತು ಕುಡಿಯೋಕೆ ಸ್ಪಿರಿಟ್ಸ್ ಮಾರಬಾರದು ಅಂತು. 1872ರ ಲೈಸೆನ್ಸಿಂಗ್ ಕಾಯ್ದೆ ಅದನ್ನು ಲಂಡನ್ನಿನಾಚೆಗೂ ತಗೊಂಡು ಹೋಯ್ತು. ಬಿಯರ್ ವಿಷಯಕ್ಕೆ ಬರೋಷ್ಟರಲ್ಲಿ 1886 ಆಗಿತ್ತು. ಆಗಲೂ ವಯಸ್ಸಿನ ಗೆರೆ 13. ಅದೂ ಪಬ್ಬಿನೊಳಗೆ ಕೂತು ಕುಡಿಯೋದಕ್ಕೆ ಮಾತ್ರ. 10 ವರ್ಷದ ಹುಡುಗ ಬಿಯರ್ ಕೊಂಡು ಹೊರಗೆ ತಗೊಂಡು ಹೋದ್ರೆ ಯಾರೂ ಕೇಳೋ ಹಾಗಿರಲಿಲ್ಲ.

ಅಲ್ಲಿ ಬಿಟ್ಟ ತೂತು ಬಹಳ ದೊಡ್ಡದು. ಯಾಕಂದ್ರೆ ಮಕ್ಕಳು ಪಬ್ಬಿಗೆ ಹೋಗ್ತಾ ಇದ್ದದ್ದೇ ಹೆಚ್ಚಾಗಿ ಮನೆಗೆ ತರೋಕೆ. ಅಪ್ಪ ಫ್ಯಾಕ್ಟರಿಯಿಂದ ಸುಸ್ತಾಗಿ ಬರ್ತಾನೆ, ಅಮ್ಮ ಅಡುಗೆ ಮಾಡ್ತಾ ಇರ್ತಾಳೆ, ಮಗುವಿನ ಕೈಗೆ ಒಂದು ಜಗ್ಗು, ನಾಲ್ಕು ಕಾಸು. "ಓಡು, ಊಟದ ಹೊತ್ತಿಗೆ ಬಿಯರ್ ತಗೊಂಡು ಬಾ." ಈ ಮಕ್ಕಳಿಗೆ ಇಂಗ್ಲೆಂಡಿನಲ್ಲಿ ಒಂದು ಹೆಸರೇ ಇತ್ತು: ಚೈಲ್ಡ್ ಮೆಸೆಂಜರ್. ತೆರೆದ ಜಗ್ಗು, ದಾರಿ ಉದ್ದ, ಮಗು ಒಂಟಿ. ಬರ್ತಾ ಬರ್ತಾ ಒಂದೊಂದು ಗುಟುಕು ಇಳೀತಿತ್ತು. ಮಕ್ಕಳು ತಮ್ಮ ಅಂಗಡಿಗೇ ಬರಲಿ ಅಂತ ಕೆಲವು ಪಬ್ಬಿನವರು ಮಿಠಾಯಿ ಕೊಡ್ತಾರೆ ಅಂತಾನೂ ಪಾನವಿರೋಧಿ ಚಳವಳಿಯವರು ದೂರ್ತಾ ಇದ್ದರು.

ಇದನ್ನ ಓದ್ತಾ ಇದ್ದಾಗ ನನಗೆ ಲಂಡನ್ ಮರೆತು ನಮ್ಮ ಕಡೆಯ ಬೀದಿ ಕಣ್ಣ ಮುಂದೆ ಬಂತು. "ಹೋಗೋ ಮಗಾ, ಆ ಅಂಗಡಿ ಅಣ್ಣನ ಹತ್ರ ನನ್ನ ಹೆಸರು ಹೇಳು, ಒಂದು ಕ್ವಾರ್ಟರ್ ಕೊಡ್ತಾನೆ. ಉಳಿದ ಚಿಲ್ಲರೆ ನೀನೇ ಇಟ್ಕೋ." ಈ ಮಾತು ಕೇಳದೆ ದೊಡ್ಡವರಾದವರು ನಮ್ಮಲ್ಲಿ ಎಷ್ಟು ಜನ? ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದಕ್ಕೂ ಮುಂಚೆ ಪ್ಲಾಸ್ಟಿಕ್ ಸ್ಯಾಚೆಯ ಸಾರಾಯಿ ಬಹಳ ಸುಲಭವಾಗಿ ಸಿಗ್ತಿತ್ತು, ಮಗುವಿನ ಚಡ್ಡಿ ಜೇಬಲ್ಲೂ ಹಿಡೀತಿತ್ತು. ಅಲ್ಲಿ ಮಿಠಾಯಿ, ಇಲ್ಲಿ ಚಿಲ್ಲರೆ. ಕೂಲಿ ಮಾತ್ರ ಬೇರೆ.

1901ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ಮೆಸೆಂಜರ್ ಮಕ್ಕಳ ಬಗ್ಗೆ ಒಂದು ಕಾಯ್ದೆ ಮಾಡಿತು. ವಿರೋಧ ಜೋರಾಗಿತ್ತು. ಬಡವರ ಮನೆ ಊಟದ ಮೇಲೆ ಯಾಕೆ ಕೈ ಹಾಕ್ತೀರಿ, ಮಗು ಹೋಗದೆ ಇದ್ರೆ ಹೆಂಡತಿ ಪಬ್ಬಿಗೆ ಹೋಗಬೇಕಲ್ಲ ಅನ್ನೋದು ವಾದ. ಸುಳ್ಳು ವಾದ ಏನಲ್ಲ. ಶ್ರೀಮಂತರ ಮನೆಯಲ್ಲಿ ಆಳುಗಳಿದ್ರು, ನೆಲಮಾಳಿಗೆಯಲ್ಲಿ ಬಾಟಲಿಗಳಿದ್ವು, ಮಗುವನ್ನ ಕಳಿಸೋ ಪ್ರಮೇಯವೇ ಇರಲಿಲ್ಲ. ಕೊನೆಗೆ ಕಾಯ್ದೆ ಒಂದು ರಾಜಿ ಮಾಡ್ಕೊಂತು. 14ಕ್ಕಿಂತ ಚಿಕ್ಕವರ ಕೈಗೆ ಕೊಡೋದಾದ್ರೆ ಬಿರಡೆ ಹಾಕಿ ಸೀಲ್ ಮಾಡಿದ ಬಾಟಲಿಯಲ್ಲೇ ಕೊಡಬೇಕು, ಒಂದು ಪೈಂಟಿಗೆ ಕಡಿಮೆ ಇರಬಾರದು. ಮಗು ಹೋಗಬಹುದು, ದಾರಿಯಲ್ಲಿ ಕುಡಿಯೋಕೆ ಆಗಬಾರದು, ಅಷ್ಟೇ.

ಈ ಕಾಯ್ದೆಯಲ್ಲಿ ಇನ್ನೊಂದು ಸಾಲಿತ್ತು. ಈ ನಿಯಮ ಮೀರಿ ಮಾರಿದವನಿಗೆ ಮಾತ್ರ ಅಲ್ಲ, ಗೊತ್ತಿದ್ದೂ ಮಗುವನ್ನ ಕಳಿಸಿದವರಿಗೂ ದಂಡ. ಅಲ್ಲಿಯವರೆಗೆ ಕಾನೂನು ಅಂಗಡಿಯವನನ್ನ ನೋಡ್ತಾ ಇತ್ತು. ಈಗ ಮೊದಲ ಸಲ ಕುತ್ತಿಗೆ ತಿರುಗಿಸಿ ಮನೆಯ ಬಾಗಿಲ ಕಡೆಗೂ ನೋಡಿತು.

1908ರಲ್ಲಿ ಬಾಗಿಲು ದಾಟಿ ಒಳಗೇ ಬಂತು. ಆ ವರ್ಷದ ಮಕ್ಕಳ ಕಾಯ್ದೆಯಲ್ಲಿ 5 ವರ್ಷ ತುಂಬದ ಮಗುವಿಗೆ ಮದ್ಯ ಕೊಡೋದು ಅಪರಾಧ ಅಂತ ಬರೆದರು. ಅಪ್ಪನೇ ಕೊಟ್ಟರೂ, ಅಮ್ಮನೇ ಕೊಟ್ಟರೂ. ಜೊತೆಗೆ 14ರ ಒಳಗಿನವರು ಬಾರ್ ಇರೋ ಕೋಣೆಗೆ ಬರಬಾರದು ಅಂದರು. ಇದರಿಂದ ಆಗಿದ್ದೇನು ಗೊತ್ತಾ? ಒಳಗೆ ಕುಡಿಯೋ ಅಪ್ಪ ಅಮ್ಮಂದಿರಿಗಾಗಿ ಮಕ್ಕಳು ಪಬ್ಬಿನ ಬಾಗಿಲ ಹೊರಗೆ, ಚಳಿಯಲ್ಲಿ, ಫುಟ್‌ಪಾತ್ ಮೇಲೆ ಕಾಯೋ ಹಾಗಾಯ್ತು. ಒಂದು ಒಳ್ಳೆ ಕಾನೂನು ಮಕ್ಕಳನ್ನ ಬೀದಿಗೆ ಕೂರಿಸಿತು. ಕಾನೂನಿನ ಇತಿಹಾಸ ಓದೋವಾಗ ಇಂಥದ್ದಕ್ಕೆ ತಯಾರಾಗೇ ಇರಬೇಕು.

1908ರ ಕಾಯ್ದೆಯಲ್ಲಿ ಒಂದು ವಿನಾಯಿತಿಯೂ ಇತ್ತು. ಡಾಕ್ಟರು ಹೇಳಿದ್ರೆ, ಮಗುವಿಗೆ ಕಾಯಿಲೆ ಇದ್ರೆ, ಅಥವಾ ಕಾಯಿಲೆ ಬರೋ ಹಾಗಿದ್ರೆ ಕೊಡಬಹುದು. ಇದನ್ನ ಕೇಳಿ ನಗಬೇಡಿ. ಶೀತ ಆದ ಮಗುವಿಗೆ ಒಂದು ಮುಚ್ಚಳ ಬ್ರಾಂಡಿ ಕುಡಿಸೋದು, ಎದೆಗೆ ಬ್ರಾಂಡಿ ತಿಕ್ಕೋದು ನಮ್ಮ ಮನೆಗಳಲ್ಲಿ ಇನ್ನೂ ಸತ್ತಿಲ್ಲ. ಕೊಡೋ ಅಜ್ಜಿಗೆ ತಾನು ಮದ್ಯ ಕೊಡ್ತಾ ಇದೀನಿ ಅಂತ ಅನ್ನಿಸೋದೇ ಇಲ್ಲ, ಔಷಧಿ ಕೊಡ್ತಾ ಇದೀನಿ ಅಂತ ಅನ್ನಿಸುತ್ತೆ. ಅಜ್ಜಿಯ ಪ್ರೀತಿ ನಿಜ. ಆ ಮಗುವಿನ ಪುಟ್ಟ ಮೈಗೆ ಸ್ವಲ್ಪ ಆಲ್ಕೊಹಾಲ್ ಕೂಡ ಹೆಚ್ಚು ಅನ್ನೋದೂ ಅಷ್ಟೇ ನಿಜ.

ಇನ್ನು 1923. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕೂತ ಮೊದಲ ಮಹಿಳೆ ನ್ಯಾನ್ಸಿ ಆಸ್ಟರ್. 1919ರಲ್ಲಿ ಗೆದ್ದು ಬಂದವರು. ಅವರು ತಂದ ಖಾಸಗಿ ಮಸೂದೆ ಕಾಯ್ದೆಯಾಗಿ, ಪಬ್ಬಿನಲ್ಲಿ ಮದ್ಯ ಕೊಡೋ ವಯಸ್ಸಿನ ಗೆರೆಯನ್ನ 18ಕ್ಕೆ ಎಳೆಯಿತು. ಇವತ್ತಿಗೂ ಅಲ್ಲಿ ಗೆರೆ ಅದೇ. ಆದರೆ ಮನೆಯೊಳಗಿನ ಗೆರೆ ಇನ್ನೂ 5 ವರ್ಷದಲ್ಲೇ ನಿಂತಿದೆ. 18ರ ಒಳಗಿನವರಿಗಾಗಿ ಅಂಗಡಿಯಿಂದ ಕೊಂಡು ಕೊಡೋದು ಅಲ್ಲಿ ಅಪರಾಧ, ಮನೆಯ ಊಟದ ಮೇಜಿನಲ್ಲಿ ಮಗನಿಗೆ ಅಪ್ಪ ಒಂದು ಗ್ಲಾಸ್ ಕೊಡೋದು ಅಪರಾಧ ಅಲ್ಲ.

ಈಗ ಅಮೆರಿಕಕ್ಕೆ ಹೋಗೋಣ. ಯಾಕಂದ್ರೆ "ಫ್ರೆಂಡ್" ಅನ್ನೋ ಸಪ್ಲೈಯರ್ ಈ ಕಥೆಗೆ ದೊಡ್ಡದಾಗಿ ಬರೋದು ಅಲ್ಲಿ. 1971ರಲ್ಲಿ ಅಮೆರಿಕದ ಸಂವಿಧಾನಕ್ಕೆ 26ನೇ ತಿದ್ದುಪಡಿ ಬಂದು ಮತದಾನದ ವಯಸ್ಸು 18 ಆಯ್ತು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಸಾಯೋಕೆ 18 ಸಾಕಾದ್ರೆ ಓಟು ಹಾಕೋಕೂ ಸಾಕು ಅನ್ನೋ ನ್ಯಾಯ. ಅದೇ ನ್ಯಾಯದಲ್ಲಿ ಹೆಚ್ಚುಕಡಿಮೆ 30 ರಾಜ್ಯಗಳು ಕುಡಿಯೋ ವಯಸ್ಸನ್ನೂ ಇಳಿಸಿದವು. ಒಂದು ರಾಜ್ಯದಲ್ಲಿ 18, ಪಕ್ಕದ ರಾಜ್ಯದಲ್ಲಿ 21. ಹುಡುಗರು ಕಾರು ಹತ್ತಿ ಗಡಿ ದಾಟಿ ಹೋಗಿ ಕುಡಿದು, ಕುಡಿದೇ ಓಡಿಸಿಕೊಂಡು ವಾಪಸ್ ಬರ್ತಿದ್ರು. ಆ ಗಡಿಗಳಿಗೆ ರಕ್ತದ ಗಡಿ ಅಂತ ಹೆಸರು ಬಿತ್ತು.

1980ರಲ್ಲಿ ಕ್ಯಾಂಡಿ ಲೈಟ್ನರ್ ಅನ್ನೋ ತಾಯಿ, ಕುಡಿದು ಓಡಿಸಿದವನ ಕಾರಿಗೆ 13 ವರ್ಷದ ಮಗಳನ್ನ ಕಳಕೊಂಡರು. ಅವರು ಕಟ್ಟಿದ ಸಂಘಟನೆಯೇ ಮದರ್ಸ್ ಅಗೇನ್‌ಸ್ಟ್ ಡ್ರಂಕ್ ಡ್ರೈವಿಂಗ್. ಅವರ ಒತ್ತಾಯದ ಫಲವಾಗಿ 1984ರ ಜುಲೈ 17ರಂದು ಅಧ್ಯಕ್ಷ ರೇಗನ್ ಒಂದು ಕಾಯ್ದೆಗೆ ಸಹಿ ಹಾಕಿದರು. ಕೇಂದ್ರ ಸರ್ಕಾರ ರಾಜ್ಯಗಳಿಗೆ ನೇರವಾಗಿ ಆದೇಶ ಕೊಡೋ ಹಾಗಿರಲಿಲ್ಲ. ಅದಕ್ಕೆ ದುಡ್ಡಿನ ದಾರಿ ಹಿಡಿದರು: 21 ಮಾಡದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಕಡಿತ. ಸೌತ್ ಡಕೋಟಾ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯ್ತು, 1987ರಲ್ಲಿ ಸೋತಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಬಂದವು. ರಸ್ತೆಯಲ್ಲಿ ಸಾಯೋ ಹುಡುಗರ ಸಂಖ್ಯೆ ಇಳಿಯಿತು.

ಕಥೆ ಇಲ್ಲಿಗೇ ಮುಗಿದಿದ್ರೆ ಚೆನ್ನಾಗಿತ್ತು. ಆದರೆ ಕೌಂಟರಿನ ಬಾಗಿಲು ಮುಚ್ಚಿದ ಮೇಲೆ ಸರಕು ಬೇರೆ ದಾರಿ ಹಿಡಿಯುತ್ತೆ, ಇದು ಕಾಮರ್ಸ್ ಫಸ್ಟ್ ಇಯರ್ ಪಾಠ. 21 ತುಂಬಿದ ಅಣ್ಣ, ಕಾಲೇಜಿನ ಸೀನಿಯರ್, ಕೀಲಿ ಇಲ್ಲದ ಅಪ್ಪನ ಕಪಾಟು, "ನಮ್ಮ ಮನೇಲೇ ಕುಡೀಲಿ, ಕಣ್ಣ ಮುಂದೆ ಇರ್ತಾರೆ" ಅನ್ನೋ ಫ್ರೆಂಡಿನ ಅಮ್ಮ. ಅಂಗಡಿ ಮುಂದೆ ನಿಂತು ಗುರುತಿಲ್ಲದವರ ಭುಜ ತಟ್ಟಿ "ಅಂಕಲ್, ನಮಗೊಂದು ತಂದುಕೊಡಿ" ಅಂತ ಕೇಳೋದಕ್ಕೆ ಅಲ್ಲಿ ಶೋಲ್ಡರ್ ಟ್ಯಾಪ್ ಅಂತಾನೇ ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರೇ ಚಿಕ್ಕವರನ್ನ ಹಾಗೆ ನಿಲ್ಲಿಸಿ, ತಂದುಕೊಡೋ ದೊಡ್ಡವರನ್ನ ಹಿಡೀತಾರೆ. ಹಲವು ರಾಜ್ಯಗಳಲ್ಲಿ ಪಾರ್ಟಿಗೆ ಮನೆ ಕೊಟ್ಟವರನ್ನೇ ಹೊಣೆ ಮಾಡೋ ಸೋಷಿಯಲ್ ಹೋಸ್ಟ್ ಕಾನೂನುಗಳು ಬಂದವು.

ಸರಿ, ನಮ್ಮ ದೇಶದ ಲೆಕ್ಕ ನೋಡೋಣ. ಬ್ರಿಟಿಷರ 1908ರ ಕಾಯ್ದೆ ಹಡಗು ಹತ್ತಿ ಇಲ್ಲಿಗೂ ಬಂತು. ಅದನ್ನ ಮಾದರಿ ಇಟ್ಕೊಂಡು ಮದ್ರಾಸ್ 1920ರಲ್ಲಿ, ಬಂಗಾಳ 1922ರಲ್ಲಿ, ಬಾಂಬೆ 1924ರಲ್ಲಿ ಮಕ್ಕಳ ಕಾಯ್ದೆಗಳನ್ನ ಮಾಡಿದವು. ಆಗ ಮಂಗಳೂರು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ವು. ಧಾರವಾಡ, ಬೆಳಗಾವಿ ಬಾಂಬೆ ಪ್ರಾಂತ್ಯದಲ್ಲಿದ್ವು. ಸ್ವಾತಂತ್ರ್ಯ ಬಂದ ಮೇಲೆ ಹೊಸ ಕಾಯ್ದೆಗಳು ಬಂದವು, ಆದರೆ "ಅರ್ಹ ವೈದ್ಯರ ಆದೇಶ ಇದ್ದರೆ ಹೊರತು" ಅನ್ನೋ 1908ರ ವಿನಾಯಿತಿ ನಮ್ಮ ಬಾಲನ್ಯಾಯ ಕಾಯ್ದೆಯಲ್ಲಿ ಇವತ್ತಿಗೂ ಉಳಿದಿದೆ.

2000ನೇ ಇಸವಿಯ ಬಾಲನ್ಯಾಯ ಕಾಯ್ದೆಯಲ್ಲಿ ಮಗುವಿಗೆ ಮದ್ಯ ಕೊಟ್ಟರೆ 3 ವರ್ಷದವರೆಗೆ ಜೈಲು ಅಂತಿತ್ತು. ಆದರೆ ಮದ್ಯದ ವಿಷಯಕ್ಕೆ ಒಂದು ಷರತ್ತಿತ್ತು: "ಸಾರ್ವಜನಿಕ ಸ್ಥಳದಲ್ಲಿ" ಕೊಟ್ಟಿರಬೇಕು. ಅಂದ್ರೆ ಬಾರಲ್ಲಿ, ಬೀದಿಯಲ್ಲಿ. ಮನೆಯೊಳಗೆ, ರೂಮಿನೊಳಗೆ ಕೊಟ್ಟರೆ ಆ ಸೆಕ್ಷನ್ ತಲುಪ್ತಾ ಇರಲಿಲ್ಲ. 2015ರ ಕಾಯ್ದೆಯ 77ನೇ ಸೆಕ್ಷನ್ ಓದಿ. ಸಾರ್ವಜನಿಕ ಸ್ಥಳ ಅನ್ನೋ ಪದಗಳೇ ಇಲ್ಲ. ಯಾರೇ ಆಗಲಿ, 18 ತುಂಬದವರಿಗೆ ಮದ್ಯ ಕೊಟ್ಟರೆ ಅಥವಾ ಕೊಡಿಸಿದರೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ತಂಬಾಕಿಗೂ ಇದೇ. ಅದರ ಮುಂದಿನ 78ನೇ ಸೆಕ್ಷನ್ ಮಗುವನ್ನ ಮದ್ಯ ಮಾರೋಕೆ, ಸಾಗಿಸೋಕೆ, ಸರಬರಾಜು ಮಾಡೋಕೆ ಬಳಸೋರ ಬಗ್ಗೆ. ಅಲ್ಲೂ 7 ವರ್ಷದವರೆಗೆ. 1901ರ ಲಂಡನ್ನಿನ ಜಗ್ಗು ಹಿಡಿದ ಹುಡುಗ, ನಮ್ಮ ಬೀದಿಯ ಕ್ವಾರ್ಟರ್ ತರೋ ಹುಡುಗ, ಇಬ್ಬರೂ ಆ ಸೆಕ್ಷನ್ ಓದಿದಾಗ ನೆನಪಾಗ್ತಾರೆ.

ಕರ್ನಾಟಕದ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. 1965ರ ಅಬಕಾರಿ ಕಾಯ್ದೆ 18 ಅನ್ನುತ್ತೆ. 1967ರ ಲೈಸೆನ್ಸ್ ನಿಯಮಗಳು 21 ಅನ್ನುತ್ತವೆ. ಲೈಸೆನ್ಸ್ ಇಟ್ಕೊಂಡು ಮಾರೋನು ನಿಯಮ ಪಾಲಿಸಲೇಬೇಕು, ಹಾಗಾಗಿ ನಮ್ಮಲ್ಲಿ ಅಂಗಡಿಯ ಗೆರೆ 21. 2023ರ ಜನವರಿಯಲ್ಲಿ ಸರ್ಕಾರ ನಿಯಮದ 21ನ್ನೂ 18ಕ್ಕೆ ಇಳಿಸೋ ಕರಡು ಹೊರಡಿಸಿತು. ಜನ ಆಕ್ಷೇಪ ಎತ್ತಿದ ಮೇಲೆ ಕೈಬಿಟ್ಟಿತು. ಅವತ್ತು ಚರ್ಚೆಯೆಲ್ಲ 18 ಸರಿಯೋ 21 ಸರಿಯೋ ಅನ್ನೋದರ ಸುತ್ತಲೇ ತಿರುಗಿತು. ಕೌಂಟರಿನಲ್ಲಿ ನಿಂತವರು ಆಧಾರ್ ಕಾರ್ಡ್ ಕೇಳ್ತಾರಾ ಅನ್ನೋ ಪ್ರಶ್ನೆ ಕೇಳಿದವರು ಕಡಿಮೆ.

ಕೇಳದೆ ಇದ್ರೆ ಏನಾಗುತ್ತೆ ಅನ್ನೋದನ್ನ ದೇಶ 2024ರ ಮೇ 19ರಂದು ಪುಣೆಯಲ್ಲಿ ನೋಡಿತು. ಕಲ್ಯಾಣಿ ನಗರದಲ್ಲಿ ಬೆಳಗಿನ ಜಾವ ಪೋರ್ಷೆ ಕಾರು ಬೈಕಿಗೆ ಗುದ್ದಿ 24 ವರ್ಷದ ಇಬ್ಬರು ಎಂಜಿನಿಯರುಗಳು ಸತ್ತರು. ಕಾರು ಓಡಿಸ್ತಾ ಇದ್ದದ್ದು 17 ವರ್ಷದ ಹುಡುಗ, ಅದಕ್ಕೆ ಮುಂಚೆ ಸ್ನೇಹಿತರ ಜೊತೆ ಪಬ್ಬುಗಳಲ್ಲಿ ಕುಡಿದಿದ್ದ ಅಂತ ಪೊಲೀಸರು ಹೇಳಿದರು. ಜಾಮೀನಿನ ಷರತ್ತಾಗಿ 300 ಪದದ ಪ್ರಬಂಧ ಬರೆಯೋಕೆ ಹೇಳಿದ್ದು ನಿಮಗೆ ನೆನಪಿರುತ್ತೆ, ಮೀಮ್ ಎಲ್ಲ ಅದರ ಮೇಲೇ ಬಂದ್ವು. ಅದೇ ಪ್ರಕರಣದಲ್ಲಿ ಬಾರುಗಳ ಮಾಲೀಕರು, ಮ್ಯಾನೇಜರುಗಳು ಬಂಧನಕ್ಕೊಳಗಾದದ್ದು, 77ನೇ ಸೆಕ್ಷನ್ ಸುದ್ದಿಗೆ ಬಂದದ್ದು ಎಷ್ಟು ಜನಕ್ಕೆ ನೆನಪಿದೆ? ಮಹಾರಾಷ್ಟ್ರದಲ್ಲಿ ಬಿಯರಿಗೇ 21 ತುಂಬಿರಬೇಕು, ವಿಸ್ಕಿಯಂಥದ್ದಕ್ಕೆ 25.

ಈಗ ಮನೆಯವರ ಮಾತಿಗೆ ಬರೋಣ. "ಹೊರಗೆ ಕದ್ದು ಕುಡಿಯೋದಕ್ಕಿಂತ ನಾವೇ ಸ್ವಲ್ಪ ಕೊಟ್ಟರೆ ಹದ ಕಲೀತಾರೆ." ಇದನ್ನ ಹೇಳೋರು ಕೆಟ್ಟವರಲ್ಲ, ಬಹಳ ಸಲ ಯೋಚನೆ ಮಾಡೋ ಅಪ್ಪ ಅಮ್ಮಂದಿರೇ. ಆಸ್ಟ್ರೇಲಿಯಾದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. 1,927 ಹದಿಹರೆಯದವರನ್ನ 6 ವರ್ಷ ಹಿಂಬಾಲಿಸಿದ ಅಧ್ಯಯನ, 2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಮನೆಯವರು ಕೊಟ್ಟದ್ದು ಮಕ್ಕಳನ್ನ ಕಾಪಾಡಿದೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಬದಲಿಗೆ, ಮನೆಯಿಂದ ಸಿಕ್ಕವರು ಮುಂದಿನ ವರ್ಷ ಬೇರೆ ಕಡೆಯಿಂದಲೂ ಪಡೆಯೋ ಸಾಧ್ಯತೆ ಹೆಚ್ಚಿತ್ತು. ಒಂದೇ ಸಲಕ್ಕೆ ವಿಪರೀತ ಕುಡಿಯೋದು, ಅದರಿಂದ ತೊಂದರೆಗೆ ಸಿಕ್ಕೋದು, ಅವೂ ಹೆಚ್ಚಿದ್ವು. ಇದು ಕಾರಣ ಇದೇ ಅಂತ ಅಡ್ಡಗೆರೆ ಎಳೆದು ಹೇಳೋ ಲೆಕ್ಕ ಅಲ್ಲ, ಸಂಬಂಧ ತೋರಿಸೋ ಲೆಕ್ಕ. ಆದರೂ "ಮನೇಲಿ ಕೊಟ್ಟರೆ ಸೇಫ್" ಅನ್ನೋ ಮಾತಿಗೆ ಆಧಾರ ಏನು ಅಂತ ಕೇಳೋಕೆ ಇಷ್ಟು ಸಾಕು.

ಕೊನೆಗೆ ನಾವು. ಈ ಪಾಡ್‌ಕಾಸ್ಟ್ ಕೇಳೋರಲ್ಲಿ ಹೆಚ್ಚಿನವರು 18 ದಾಟಿ ಸ್ವಲ್ಪ ವರ್ಷ ಆಗಿರೋರು. ಹಾಸ್ಟೆಲಲ್ಲಿ, ಪಿಜಿಯಲ್ಲಿ, ಫ್ರೆಶರ್ಸ್ ಪಾರ್ಟಿಯಲ್ಲಿ, ಊರ ಜಾತ್ರೆಯಲ್ಲಿ ನಿಮ್ಮ ಪಕ್ಕ ಕೂರೋ ಪಿಯು ಹುಡುಗ 17ರವನು. "ಕಂಪನಿ ಕೊಡೋ, ಒಂದು ಸಿಪ್ ಅಷ್ಟೇ" ಅಂತ ನೀವು ಗ್ಲಾಸ್ ಮುಂದೆ ಚಾಚಿದ ಕ್ಷಣ, 77ನೇ ಸೆಕ್ಷನ್ನಿನ "ಯಾರೇ ಆಗಲಿ" ಅನ್ನೋ ಪದದಲ್ಲಿ ನೀವೂ ಇದ್ದೀರಿ. ಬಾರ್ ಮಾಲೀಕ ಆಗಿರಬೇಕಿಲ್ಲ, ದುಡ್ಡು ತಗೊಂಡಿರಬೇಕಿಲ್ಲ. ಗೂಗಲ್ ಪೇಯಲ್ಲಿ ದುಡ್ಡು ಹಾಕಿಸ್ಕೊಂಡು ಎಂಆರ್‌ಪಿ ಶಾಪಿಂದ ತಂದುಕೊಟ್ಟರೂ ಅಷ್ಟೇ. ಕೊಟ್ಟವರಿಗೂ 18 ತುಂಬಿಲ್ಲ ಅಂದ್ರೆ ಕೇಸು ಬಾಲನ್ಯಾಯ ಮಂಡಳಿಗೆ ಹೋಗುತ್ತೆ.

ಕಾನೂನಿನ ಭಯಕ್ಕೆ ಇನ್ನೊಂದು ಮುಖ ಇದೆ, ಅದನ್ನ ಹೇಳದೆ ಈ ಎಪಿಸೋಡ್ ಮುಗಿಸಲ್ಲ. ಚಿಕ್ಕವನೊಬ್ಬ ಪ್ರಜ್ಞೆ ತಪ್ಪಿದಾಗ ಸುತ್ತ ಇರೋರು "ಆಸ್ಪತ್ರೆಗೆ ಹೋದ್ರೆ ಸಿಕ್ಕಿಬೀಳ್ತೀವಿ" ಅಂತ ರೂಮಲ್ಲೇ ಮಲಗಿಸಿಬಿಡ್ತಾರೆ. ಅಮೆರಿಕದ ಅನೇಕ ರಾಜ್ಯಗಳು ಇದಕ್ಕಾಗಿಯೇ, ಸಹಾಯಕ್ಕೆ ಫೋನ್ ಮಾಡಿದ ಹುಡುಗರಿಗೆ ಕುಡಿದ ತಪ್ಪಿಗೆ ಕೇಸು ಹಾಕಬಾರದು ಅನ್ನೋ ಕಾನೂನು ಮಾಡಿಕೊಂಡಿವೆ. 77ನೇ ಸೆಕ್ಷನ್ನಿನಲ್ಲಿ ಅಂಥ ವಿನಾಯಿತಿ ಬರೆದಿಲ್ಲ. ಬರೀಬೇಕು ಅಂತ ನನ್ನ ಅಭಿಪ್ರಾಯ. ಬರೆಯೋವರೆಗೂ ಕಾಯಬೇಡಿ. ಎಬ್ಬಿಸಿದ್ರೂ ಏಳ್ತಾ ಇಲ್ಲ, ಉಸಿರು ನಿಧಾನ ಆಗ್ತಾ ಇದೆ, ಮೈ ತಣ್ಣಗಾಗಿದೆ, ಹೀಗಿದ್ರೆ 108ಕ್ಕೋ 112ಕ್ಕೋ ಫೋನ್ ಮಾಡಿ. ಅಂಗಾತ ಮಲಗಿಸಬೇಡಿ, ವಾಂತಿ ಗಂಟಲಿಗೆ ಸಿಕ್ಕೊಂಡರೆ ಉಸಿರು ನಿಲ್ಲುತ್ತೆ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಒಬ್ಬರು ಪಕ್ಕದಲ್ಲೇ ಇರಿ. ಮಜ್ಜಿಗೆ, ನಿಂಬೆಹಣ್ಣು, ಬ್ಲ್ಯಾಕ್ ಕಾಫಿ, ತಲೆಗೆ ತಣ್ಣೀರು, ಇವ್ಯಾವುದೂ ರಕ್ತದಲ್ಲಿರೋ ಆಲ್ಕೊಹಾಲನ್ನ ಇಳಿಸಲ್ಲ.

ಈ ವಾರಾಂತ್ಯ ಯಾರೋ ನಿಮಗೂ ಮೆಸೇಜ್ ಹಾಕ್ತಾರೆ. "ಅಣ್ಣಾ, ನನಗೆ ಕೊಡಲ್ಲ, ನೀನು ತಂದುಕೊಡ್ತೀಯಾ?" ಅಂತ. ಆಗಲ್ಲ ಅಂತ ಬರೆಯೋಕೆ ಎರಡು ಸೆಕೆಂಡ್ ಸಾಕು. ಅದಾದ ಮೇಲೆ ಅವನನ್ನ ಒಂಟಿ ಬಿಡಬೇಡಿ. ಬಿರಿಯಾನಿಗೆ ಕರ್ಕೊಂಡು ಹೋಗಿ, ಬಿಲ್ ನೀವೇ ಕೊಡಿ.